ಟಾರ್ಚಮ್ಮ ನೋಡಿ ಕೊಟ್ಟ ಮೊಟ್ಟೆ

ಕೋಳಿ ಫಾರಂನಲ್ಲಿ ಇಪ್ಪತ್ತೆರಡು ವರ್ಷದಿಂದ ಒಂದೊಂದೇ ಮೊಟ್ಟೆಯನ್ನು ದೀಪಕ್ಕೆ ಹಿಡಿದು ಒಳ್ಳೆಯದು, ಕೆಟ್ಟದ್ದು ಬೇರ್ಪಡಿಸುವವಳಿಗೆ ಟಾರ್ಚಮ್ಮ ಎಂದು ಹೆಸರು ಬೀಳದೆ ಇನ್ನೇನು ಬೀಳುತ್ತದೆ? ಅವಳು ನೋಡಿ ಹೂಂ ಎಂದ ಮೊಟ್ಟೆಗೆ ಮನೆಯಲ್ಲೂ ಎರಡು ಮಾತಿಲ್ಲ. ಮಿಕ್ಕೆಲ್ಲದಕ್ಕೂ ಎದುರಾಡುವ ಸೊಸೆ ಕೂಡ ಇದೊಂದರಲ್ಲಿ ತೆಪ್ಪಗಿರುತ್ತಿದ್ದಳು.

ಆ ಭಾನುವಾರ ಮೊಮ್ಮಗಳಿಗೆ ಮೊಟ್ಟೆಗೆ ಬಣ್ಣ ಹಾಕುವ ಹುಚ್ಚು ಹಿಡಿಯಿತು. ಸೌದೆ ಒಟ್ಟಿಲ ಹಿಂದೆ ತನ್ನ ಕೋಳಿ ಕದ್ದುಮುಚ್ಚಿ ಇಟ್ಟಿದ್ದ ಎಂಟು ಮೊಟ್ಟೆಗಳನ್ನು ಪಕ್ಕದ ಮನೆಯವಳು ತಂದುಕೊಟ್ಟು, "ಎಷ್ಟು ದಿನದ್ದೋ, ಕೋಳಿ ಕಾವಿಗೆ ಕೂತಿತ್ತೋ ಏನೋ, ನೋಡ್ಕೊಂಡು ಬಳಸಿ" ಎಂದಳು. ಟಾರ್ಚಮ್ಮ ಕತ್ತಲೆ ಕೋಣೆಗೆ ಹೋಗಿ ಟಾರ್ಚ್ ಹಾಕಿ ನೋಡಿ ಬಂದಳು.

"ಎಲ್ಲಾ ಚೊಕ್ಕವಾಗಿವೆ!"

ಒಲೆಯ ಮೇಲೆ ಈರುಳ್ಳಿ ಸಿಪ್ಪೆಯದೊಂದು, ಅರಿಶಿನದ್ದೊಂದು ಪಾತ್ರೆ ಕುದಿಯತೊಡಗಿತು. ಬಣ್ಣ ಹಿಡಿಯಲೆಂದು ಸೊಸೆ ವಿನಿಗರ್ ಸುರಿದಳು. ಮೊಮ್ಮಗಳು ಒಂದು ಮೊಟ್ಟೆಗೆ ಕೊತ್ತಂಬರಿ ಎಲೆ ಅಂಟಿಸಿ, ಹಳೇ ಕಾಲುಚೀಲದ ತುಂಡಿನಲ್ಲಿ ಬಿಗಿದು ಬೇಯಲು ಹಾಕಿದಳು. ಬಿಚ್ಚಿದರೆ ಕೆಂಪು ಚಿಪ್ಪಿನ ಮೇಲೆ ಬೆಳ್ಳಗೆ ಎಲೆಯ ಅಚ್ಚು! ಮಗನಿಗೆ ಅಂದಚಂದಕ್ಕಿಂತ ಹೊಟ್ಟೆ ಮುಖ್ಯ. ಹಳದಿಯದೊಂದನ್ನು ಮೇಜಿಗೆ ಕುಟ್ಟಿ ಬಿಡಿಸಿದ.

ಒಳಗೆ ಮರಿ. ಕಣ್ಣು, ಕೊಕ್ಕು, ಮೈಗಂಟಿದ ಒದ್ದೆ ಪುಕ್ಕ.

ಮೊಮ್ಮಗಳು ಕಿಟಾರನೆ ಕಿರುಚಿದಳು. ಮಗನ ಕೈಯಿಂದ ಅದು ನೆಲಕ್ಕೆ ಬಿತ್ತು. "ಅಮ್ಮಾ, ಮರಿ ಇದೆ ಇದ್ರಲ್ಲಿ! ನೋಡಿದ್ದೆ ಅಂದ್ಯಲ್ಲ?"

ಟಾರ್ಚಮ್ಮನಿಗೆ ತಪ್ಪೇನೆಂದು ಗೊತ್ತಿತ್ತು. ಇಷ್ಟು ಬಲಿತ ಮರಿ ದೀಪಕ್ಕೆ ಹಿಡಿದರೆ ಕಪ್ಪಗೆ ಕಾಣುತ್ತದೆ, ನಿನ್ನೆ ಕೆಲಸಕ್ಕೆ ಸೇರಿದವರೂ ಹೇಳುತ್ತಾರೆ. ಅವಳಿಗೆ ಮಾತ್ರ ಎರಡು ವರ್ಷದಿಂದ ದೀಪದ ಮುಂದೆ ಬರೀ ಮಂಜು. ಹಳಸಿದ ಮೊಟ್ಟೆ ಹಗುರ, ಅಲುಗಿಸಿದರೆ ಕುಲುಕುತ್ತದೆ. ಅಷ್ಟನ್ನೇ ನಂಬಿ, ಅಂಗೈಯನ್ನೇ ಕಣ್ಣು ಮಾಡಿಕೊಂಡು ದಿನ ದೂಡಿದ್ದಳು. ಫಾರಂನಲ್ಲಿ ಹುಂಜವಿಲ್ಲ, ಮರಿಯ ಮಾತೇ ಇಲ್ಲ, ಹಾಗಾಗಿ ಬಚಾವಾಗಿದ್ದಳು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಹೆಸರೂ ಹೋಗುತ್ತದೆ.

"ಬ್ಯಾಟರಿ ವೀಕಾಗಿತ್ತು ಕಣೋ" ಎಂದಳು.

ಮಗ ನಂಬಿದ. ಸೊಸೆ ನಂಬಲಿಲ್ಲ. ಎಲೆಯ ಮೊಟ್ಟೆಯನ್ನು ಅತ್ತೆಯ ಕೈಗಿಟ್ಟಳು. "ಎಲೆ ಎಲ್ಲಿದೆ ಅತ್ತೆ? ಬೆರಳಿಟ್ಟು ತೋರಿಸಿ."

ಟಾರ್ಚಮ್ಮ ಹೆಬ್ಬೆರಳಾಡಿಸಿದಳು. ಬಣ್ಣಕ್ಕೆ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಸುತ್ತಲೂ ಒಂದೇ ನುಣುಪು. ಕೊನೆಗೆ ಒಂದು ಕಡೆ ಬೆರಳಿಟ್ಟಳು.

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಮಗ ಬಗ್ಗಿ ಅಮ್ಮನ ಕಣ್ಣನ್ನೇ ನೋಡಿದ. ಇನ್ನೂ ಬಿಕ್ಕುತ್ತಿದ್ದ ಮೊಮ್ಮಗಳು ಬಂದು, ಅಜ್ಜಿಯ ಬೆರಳನ್ನು ಮೊಟ್ಟೆಯ ಆಚೆ ಬದಿಗೆ ಸರಿಸಿದಳು.

"ಇಲ್ಲಿದೆ ಅಜ್ಜಿ."