ಸುಂದರಾ ಹೇಳಿದ ಕಥೆಗಳು

ಕಬ್ಬೂರಿನ ಸಮಾಧಾನ ಎಂಬವರು ಪ್ರೌಢಶಾಲೆಯೊಂದರಲ್ಲಿ ಗುಮಾಸ್ತರು. ವಯಸ್ಸು ಐವತ್ತರ ಹತ್ತಿರ, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಬಿಡುವಿನಲ್ಲಿ ಕಥೆ ಬರೆಯುತ್ತಿದ್ದರು. ಪತ್ರಿಕೆಗಳಿಗೆ ಕಳಿಸಿದವು ಮರಳಿ ಬರುವುದೇ ಹೆಚ್ಚು. ಒಮ್ಮೆ ವಾರಪತ್ರಿಕೆಯ ಸಂಪಾದಕರೊಬ್ಬರು ಫೋನಿನಲ್ಲಿ, ಕಚೇರಿ ಬಿಟ್ಟು ಸ್ವಲ್ಪ ತಿರುಗಾಡಿ ಬನ್ನಿ ಎಂದರು. ಅದನ್ನು ಮನಸ್ಸಿಗೆ ಹಚ್ಚಿಕೊಂಡ ಸಮಾಧಾನ, ಕೃಷ್ಣಾ ನದಿಯ ನಡುಗಡ್ಡೆಗಳಲ್ಲಿ ಕಥೆ ಸಿಕ್ಕೀತೆಂದು ಮಳೆಗಾಲ ಮುಗಿದ ಮೇಲೆ ರವಿವಾರಗಳಂದು ಬಸ್ಸು ಹಿಡಿದು ರಾಯಬಾಗದ ಕಡೆ ಹೋಗತೊಡಗಿದರು.

ನಡುಗಡ್ಡೆಯ ಜನ ಕಬ್ಬಿನ ಕೆಲಸದಲ್ಲಿದ್ದರು. ಮಜ್ಜಿಗೆ ಕೊಟ್ಟರು, ಮಹಾಪೂರದಲ್ಲಿ ಕೊಚ್ಚಿಹೋದ ಪಂಪ್‌ಸೆಟ್ಟಿನ ವಿಷಯ ಹೇಳಿದರು, ಕಳಿಸಿಕೊಟ್ಟರು. ಕೊನೆಗೆ ದೋಣಿ ನಡೆಸುವ ಹುಸೇನಮಿಯಾನಿಗೇ ಕನಿಕರ ಬಂದು, ದೂರದ ಗಡ್ಡೆಯೊಂದರಲ್ಲಿ ಸುಂದರಾ ಎಂಬಾಕೆ ಇದ್ದಾಳೆ, ಮಾತಿನವಳು ಎಂದು ಅಲ್ಲಿಗೆ ಕರೆದೊಯ್ದ.

ಸುಂದರಾ ಗಂಡ ತೀರಿಹೋದ ಮೇಲೂ ಗಡ್ಡೆ ಬಿಟ್ಟಿರಲಿಲ್ಲ. ಬದನೆ ತೋಟ, ಎರಡು ಎಮ್ಮೆ, ತಗಡಿನ ಮನೆ. ಎಮ್ಮೆಗೆ ಹುಲ್ಲು ಹಾಕುತ್ತಲೇ ಅವಳು, ಮಹಾಪೂರದಲ್ಲಿ ದಾರಿ ತಪ್ಪಿ ತನ್ನ ಮನೆಯಲ್ಲಿ ಉಳಿದು, ಅರಿಶಿನ ಮೈಯಲ್ಲೇ ಬದನೆಕಾಯಿ ಕಿತ್ತುಕೊಟ್ಟ ಮದುಮಗಳ ಕಥೆಯನ್ನು ನಡೆದದ್ದೆಂದೇ ಹೇಳಿದಳು. ಸಮಾಧಾನ ಅದನ್ನು ಬರೆದರು, ಅಚ್ಚಾಯಿತು. ಅಂದಿನಿಂದ ಬೇರೆ ಗಡ್ಡೆ ಹುಡುಕಲಿಲ್ಲ. ಹೋದಾಗಲೆಲ್ಲ ಹೊಸದೊಂದು ಕಥೆ, ಬಿಸಿ ರೊಟ್ಟಿ, ಎಣ್ಣೆಗಾಯಿ.

ಚಳಿಗಾಲದ ಒಂದು ಮುಂಜಾನೆ ದೋಣಿಯಲ್ಲಿ ಅವರು ಅಚ್ಚಾದ ಕಥೆಯನ್ನು ಹುಸೇನಮಿಯಾನಿಗೆ ಓದಿ ಹೇಳಿದರು. ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿ ನಕ್ಕ.

“ಸಣ್ಣಾಂವಿದ್ದಾಗಿಂದ ಇಲ್ಲೇ ದೋಣಿ ಹಾಕ್ತೇನ್ರಿ. ಅಂಥಾ ಮದಲಗಿತ್ತಿ ಯಾರೂ ಬಂದಿಲ್ಲ.”

ಸಮಾಧಾನ ಮುಖ ಸಣ್ಣದು ಮಾಡಿಕೊಂಡರು. ಉಳಿದ ಕಥೆಗಳನ್ನೂ ಕೇಳಿ ನೋಡಿದರು. ಯಾವುದೂ ನಡೆದದ್ದಲ್ಲ. ದೋಣಿ ತಿರುಗಿಸಲು ಹೇಳಿದರು. ಗಡ್ಡೆಯ ದಂಡೆಯಲ್ಲಿ ನಿಂತಿದ್ದ ಸುಂದರಾ ಅದನ್ನು ನೋಡಿದಳು.

ಮುಂದಿನ ರವಿವಾರ ಅವರು ಹೋಗಲಿಲ್ಲ. ಮನೆಯಲ್ಲಿ ಕೂತರೂ ಮನಸ್ಸು ನಿಲ್ಲಲಿಲ್ಲ. ತಮಗೆ ಬೇಸರವಾದದ್ದು ಸುಳ್ಳಿಗೋ, ಹೋಗದೆ ಉಳಿದದ್ದಕ್ಕೋ ತಿಳಿಯಲಿಲ್ಲ. ಅದರ ಮುಂದಿನ ವಾರ ಹೋದರು. ಸುಂದರಾ ತಲೆಯೆತ್ತದೆ ಬದನೆಕಾಯಿ ಬುಟ್ಟಿಗೆ ತುಂಬುತ್ತಿದ್ದಳು. ಯಾಕೆ ಹೀಗೆ ಸುಳ್ಳು ಕಥೆ ಹೇಳಿದಿರಿ ಎಂದು ಸಮಾಧಾನ ಕೇಳಿದರು.

“ಖರೇ ಹೇಳಿದ್ರ ಒಂದ ದಿನದಾಗ ಮುಗೀತಿತ್ತರಿ,” ಎಂದಳು. “ಮತ್ತ ನೀವ್ ಯಾಕ ಬರ್ತಿದ್ರಿ?”

ಸಮಾಧಾನ ಬುಟ್ಟಿಯ ಇನ್ನೊಂದು ಬದಿಗೆ ಕುಳಿತರು.

“ಇವತ್ತ ಖರೇದ ಒಂದ ಹೇಳ್ರಿ,” ಎಂದರು.

ಅವಳು ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಗೆ ಹಾಕಿದಳು. “ರವಿವಾರ ಎಮ್ಮಿ ಲಗೂನ ಹಿಂಡಿ, ಸೀರಿ ಬದಲ ಮಾಡಿ ದಂಡಿಗೆ ಬಂದ ನಿಂದರ್ತೇನ್ರಿ. ಅಷ್ಟ ಐತಿ.”

ಬೇಸಿಗೆಯಲ್ಲಿ ಕಬ್ಬೂರಿನ ಬುದ್ಧವಿಹಾರದಲ್ಲಿ ಇಬ್ಬರ ಮದುವೆಯಾಯಿತು. ಹುಸೇನಮಿಯಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಊಟಕ್ಕೆ ಬಡಿಸಲು ನಿಂತ. ಸುಂದರಾ ತೋಟ ಬಿಡುವುದಿಲ್ಲ ಎಂದಿದ್ದಳು, ಸಮಾಧಾನರೂ ಬಿಡಿಸಲಿಲ್ಲ. ಶನಿವಾರ ಶಾಲೆ ಮುಗಿಸಿ ಅವರೇ ಗಡ್ಡೆಗೆ ಹೋಗುತ್ತಾರೆ. ಹೊಳೆ ಏರತೊಡಗಿದಾಗ ಅವಳು ಎಮ್ಮೆಗಳೊಂದಿಗೆ ಕಬ್ಬೂರಿಗೆ ಬರುತ್ತಾಳೆ. ಹೊಳೆಯ ನೀರಿಗೆ ರೂಢಿಯಾದ ಆ ಎಮ್ಮೆಗಳು ನಲ್ಲಿಯ ನೀರು ಮೂಸಿಯೂ ನೋಡುವುದಿಲ್ಲ. ಸಮಾಧಾನ ಕಚೇರಿಗೆ ಹೋಗುವ ಮುಂಚೆ ಪ್ಯಾಂಟು ಮಡಚಿ, ಅವುಗಳನ್ನು ಊರಾಚೆಯ ಹಳ್ಳಕ್ಕೆ ಹೊಡೆದುಕೊಂಡು ಹೋಗುತ್ತಾರೆ. ಸುಂದರಾ ಹಿಂದಿನಿಂದ, ಮೆಲ್ಲಗೆ ಹೋಗಿರಿ ಎಂದು ಕೂಗುತ್ತಾಳೆ.