ಬಲಗಡೆ ಬರೆದ ನಾಲ್ಕು ಅಕ್ಷರ

ಕೊರೋನಾ ಕಳೆದ ಮರುವರ್ಷದ ಮಾತು. ಫಳ್ನೀರಿನ ಒಂದು ಹೃದಯ ಚಿಕಿತ್ಸಾಲಯದಲ್ಲಿ ನಾನು ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಲಿನಕ್ಸ್ ಸರ್ವರ್ ನನ್ನ ಸುಪರ್ದಿಯಲ್ಲಿತ್ತು. ದುಬೈಯಿಂದ ಬಂದ ನಜೀರ್ ನನ್ನ ಜೊತೆ ಕೆಲಸಕ್ಕೆ ಸೇರುವವರೆಗೆ ಡಾಕ್ಟರರ ಭರವಸೆಯೂ ನನ್ನ ಮೇಲೆಯೇ ಇತ್ತು. ಆಮೇಲೆ ಪ್ರಿಂಟರ್ ಕೆಮ್ಮಿದರೂ ಅವರು ಕೇಳುತ್ತಿದ್ದದ್ದು, "ನಜೀರ್ ಎಲ್ಲಿ?" ಅವನ ಹೆಸರು ಕೇಳಿದರೇ ನನಗೆ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಕರೆಂಟ್ ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಸರ್ವರ್ ಮತ್ತೆ ಎದ್ದಾಗ, ಆಗಷ್ಟೇ ತೆಗೆದಿದ್ದ ವಾಮಂಜೂರಿನ ಗುಲಾಬಿಯಕ್ಕನ ಆಂಜಿಯೋಗ್ರಾಮ್ ಫೈಲು ತೆರೆಯಲಿಲ್ಲ. ಬ್ಯಾಕಪ್ ಇನ್ನೂ ಆಗಿರಲಿಲ್ಲ. ಮಧ್ಯಾಹ್ನ ಅತ್ತಾವರದ ಆಸ್ಪತ್ರೆಯಲ್ಲಿ ಅವರಿಗೆ ತುರ್ತು ಬೈಪಾಸ್ ಆಪರೇಶನ್. ಸರ್ಜನರಿಗೆ ಆ ಚಿತ್ರ ಬೇಕೇ ಬೇಕು. ಕಿಡ್ನಿ ದುರ್ಬಲವಾದ್ದರಿಂದ ಇನ್ನೊಮ್ಮೆ ಡೈ ಚುಚ್ಚಿ ಚಿತ್ರ ತೆಗೆಯುವಂತಿರಲಿಲ್ಲ.

ಡಾಕ್ಟರ್ ಕರೆದದ್ದು ನಜೀರನನ್ನು. ನಾನು ಹಿಂದೆ ನಿಂತೆ.

ಇಂಥ ಫೈಲಿನಲ್ಲಿ ಮೊದಲ 128 ಬೈಟ್ ಕಳೆದ ಮೇಲೆ DICM ಎಂಬ ಗುರುತು ಇರಬೇಕು. ಅದು ಅಳಿಸಿಹೋಗಿತ್ತು. ನಜೀರ್ ಫೈಲಿನ ಪ್ರತಿ ತೆಗೆದು xxd ಹಾಕಿದ. ಅದು ಬೈನರಿ ಫೈಲನ್ನು ಸಾಲುಸಾಲಾಗಿ ಬಿಡಿಸಿ ತೋರಿಸುವ ಸಲಕರಣೆ: ಎಡಗಡೆ ಬೈಟುಗಳ ಹೆಕ್ಸ್ ಸಂಖ್ಯೆ, ಬಲಗಡೆ ಅವುಗಳದೇ ಅಕ್ಷರರೂಪ. ತಿದ್ದಿ, xxd -r ಕೊಟ್ಟರೆ ಮತ್ತೆ ಬೈನರಿ. ಅವನು ಬಲಗಡೆ DICM ಎಂದು ಬರೆದು ಬೈನರಿಗೆ ತಿರುಗಿಸಿದ. ತೆರೆಯಲಿಲ್ಲ. ಮತ್ತೆ ಬರೆದ. ಇಲ್ಲ.

ತಪ್ಪು ನನಗೆ ಕಂಡಿತು. ಕಂಡದ್ದು ಹಿತವಾಗಿಯೂ ಇತ್ತು. ಅಷ್ಟರಲ್ಲಿ ಚಿತ್ರ ಎಲ್ಲಿ ಎಂದು ಅತ್ತಾವರದಿಂದ ಫೋನು ಬಂತು.

"ಎಂತ ಮಾರಾಯ," ಎಂದೆ. "ಬಲಗಡೆ ಇರುವುದು ನೋಡ್ಲಿಕ್ಕೆ ಮಾತ್ರ. ತಿರುಗಿಸುವಾಗ ಅದನ್ನು ಲೆಕ್ಕಕ್ಕೇ ತೆಗೊಳ್ಳುವುದಿಲ್ಲ. ಎಡಗಡೆ ಹೊಡಿ, DICM ಅಂದ್ರೆ 44 49 43 4d."

"ದುಬೈಯಲ್ಲಿ ಎರಡೂ ಕಡೆ ಬರೆಯುವ ಎಡಿಟರ್ ಇತ್ತು, ಹರೀಶಣ್ಣ."

"ಇದು ಫಳ್ನೀರ್."

ಅವನು ಎಡಗಡೆ ತಿದ್ದಿದ. ಪರದೆಯ ಮೇಲೆ ಗುಲಾಬಿಯಕ್ಕನ ಹೃದಯ ಮಿಡಿಯಿತು. ರಕ್ತನಾಳಗಳಲ್ಲಿ ಡೈ ಕವಲೊಡೆದು ಹರಿಯಿತು. ಹೆಸರು, ದಿನಾಂಕ ತಾಳೆ ನೋಡಿ ಡಾಕ್ಟರ್ ಚಿತ್ರವನ್ನು ಅತ್ತಾವರಕ್ಕೆ ಕಳಿಸಿದರು. "ನೀವು ಇಲ್ಲದಿದ್ರೆ ಇವತ್ತು ಆಪರೇಶನ್ ಇರ್ಲಿಲ್ಲ, ನಜೀರ್."

"ತಪ್ಪಿದ್ದು ನಾನು ಡಾಕ್ಟ್ರೇ. ಸರಿ ಮಾಡಿಸಿದ್ದು ಹರೀಶಣ್ಣ," ಎಂದ ಅವನು, ಚಾ ಕುಡಿದಷ್ಟು ಸಲೀಸಾಗಿ.

ನನ್ನ ಹೊಟ್ಟೆಕಿಚ್ಚು ಅಲ್ಲಿಗೆ ಆರಬೇಕಿತ್ತು. ಆರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ ಎಂದು ಗೊತ್ತಾಗಿ ಇನ್ನಷ್ಟು ಉರಿಯಿತು. ಮೂಲ ಫೈಲ್ ಮುಟ್ಟಬೇಡಿ, ಎಡಗಡೆಯೇ ತಿದ್ದಿ ಎಂದು ಹೊಸಬರಿಗೆ ಈಗಲೂ ಕಲಿಸುತ್ತೇನೆ. ಕೆಲಸ ನನಗೆ ಕಲಿಸಿದ್ದು ಬೇರೆ: ಇನ್ನೊಬ್ಬನ ಕೈಚಳಕವನ್ನು ಅಭ್ಯಾಸದಿಂದ ಹಿಡಿಯಬಹುದು; ಅವನ ದೊಡ್ಡ ಮನಸ್ಸನ್ನು ಹಿಡಿಯಲು ನಾನು ಇನ್ನೂ ಓಡುತ್ತಲೇ ಇದ್ದೇನೆ.