ನೀಲಿ ನೀರಿನಲ್ಲಿಟ್ಟ ಸೇವಂತಿಗೆ

ಮಾಗಡಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಗುಡೇಮಾರನಹಳ್ಳಿ ಹತ್ತಿರದ ಶಾಲೆ ಸೇರುವಷ್ಟರಲ್ಲಿ ನನಗೆ ಅರ್ಧ ಜೀವ ಹೋಗಿರುತ್ತಿತ್ತು. ಆ ವಾರವಂತೂ ಜೊತೆಯ ಮೇಡಂ ರಜೆ ಹಾಕಿದ್ದರಿಂದ ಅವರ ತರಗತಿಯೂ ನನ್ನ ಪಾಲಿಗೆ ಬಂದಿತ್ತು.

ಅವತ್ತು ಗಿಡ ನೀರು ಹೀರುವ ಪಾಠ. ಬೆಳಿಗ್ಗೆಯೇ ಗಾಜಿನ ಲೋಟದಲ್ಲಿ ಅಡುಗೆಗೆ ಹಾಕುವ ನೀಲಿ ಬಣ್ಣ ಕದಡಿ, ಮಕ್ಕಳು ಹೊಲದಿಂದ ತಂದ ಬಿಳಿ ಸೇವಂತಿಗೆಯನ್ನು ಅದರಲ್ಲಿ ನಿಲ್ಲಿಸಿದ್ದೆ. ಊಟದ ಹೊತ್ತಿಗೂ ಹೂವು ಬೆಳ್ಳಗೇ ಇತ್ತು. "ಸುಮ್ಮನೆ ನೋಡ್ತಾ ಇರಿ" ಎಂದು ಕುರ್ಚಿಗೆ ಒರಗಿದವಳಿಗೆ ಯಾವಾಗ ಕಣ್ಣು ಹತ್ತಿತೋ ಗೊತ್ತಿಲ್ಲ.

ಪಿಸುಮಾತಿಗೆ ಎಚ್ಚರವಾಯಿತು. "ಸದ್ದು ಮಾಡ್ಬ್ಯಾಡ್ರೋ, ಮಿಸ್ಸು ಮಲಗವ್ರೆ" ಎಂದು ಮುಂದಿನ ಸಾಲಿನ ಹುಡುಗಿ ಎಲ್ಲರನ್ನೂ ಗದರುತ್ತಿದ್ದಳು. ಮಕ್ಕಳೆಲ್ಲ ಲೋಟದ ಸುತ್ತ ಮಂಡಿಯೂರಿ ಕುಳಿತಿದ್ದರು. ಎಸಳುಗಳ ಅಂಚಿನಲ್ಲಿ ನೀಲಿ ಮೂಡಿತ್ತು. ನನಗೆ ನಾಚಿಕೆಯಾಯಿತು.

"ಎಬ್ಬಿಸೋದಲ್ವೇನ್ರೋ?" ಎಂದೆ.

"ಸುಸ್ತಾಗಿತ್ತಲ್ವಾ ಮಿಸ್, ಅದ್ಕೆ ಎಬ್ಬಿಸ್ನಿಲ್ಲ. ಮೊದ್ಲು ತುದೀಗೆ ಬಂತು, ಈಗ ಒಸಿ ಒಳಗೂ ಬಂದೈತೆ" ಎಂದಳು ಆ ಹುಡುಗಿ.

ನಾನು ಹೇಳಬೇಕಾದ ಪಾಠವನ್ನು ಅವರೇ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಎದ್ದು ನಿಲ್ಲುವ ಶಕ್ತಿ ನನಗಿರಲಿಲ್ಲ. ಕುಳಿತಲ್ಲೇ ಎಲ್ಲವನ್ನೂ ಕೇಳಿಸಿಕೊಂಡೆ.